ದೊಡ್ಡಕ್ಷರದ ಕಾನೂನು ಕೌಂಟರಿನ ಈಚೆಗೆ ಮಾತ್ರ

ಯಾವ ಕಚೇರಿಯ ಅರ್ಜಿ ನಮೂನೆಯನ್ನಾದರೂ ಕೈಗೆತ್ತಿಕೊಳ್ಳಿ. ಮೇಲ್ಗಡೆಯೇ ಸೂಚನೆ ಇರುತ್ತದೆ: ಇಂಗ್ಲಿಷ್ ಕ್ಯಾಪಿಟಲ್ ಅಕ್ಷರಗಳಲ್ಲಿ ಮಾತ್ರ ತುಂಬಬೇಕು, ಒಂದು ಚೌಕಕ್ಕೆ ಒಂದೇ ಅಕ್ಷರ. ನಡುವೆ ಒಂದು ಸಣ್ಣಕ್ಷರ ನುಸುಳಿದರೆ ಅರ್ಜಿ ವಾಪಸ್. ಹೊಸ ನಮೂನೆ ತನ್ನಿ, ಮತ್ತೆ ಸಾಲಿನಲ್ಲಿ ನಿಲ್ಲಿ. ಈ ಶಿಸ್ತಿಗೆ ನಾವು ಎಂದೂ ತಕರಾರು ಮಾಡಿದವರಲ್ಲ. ಅದೇ ಶಿಸ್ತು ಕೌಂಟರಿನ ಆಚೆ ಕೂತವರಿಗೆ ಯಾಕಿಲ್ಲ ಎಂಬುದಷ್ಟೇ ನಮ್ಮ ಪ್ರಶ್ನೆ.

ಇಂಗ್ಲಿಷಿನಲ್ಲಿ ದೊಡ್ಡಕ್ಷರ ಬಳಸುವ ನಿಯಮ ಕಷ್ಟದ್ದೇನಲ್ಲ. ವಾಕ್ಯದ ಮೊದಲ ಅಕ್ಷರ ದೊಡ್ಡದು. ವ್ಯಕ್ತಿ, ಊರು, ನದಿ, ದೇಶ, ಭಾಷೆಗಳ ಹೆಸರು ದೊಡ್ಡಕ್ಷರದಿಂದ ಶುರುವಾಗಬೇಕು. ವಾರ, ತಿಂಗಳುಗಳಿಗೂ ಅದೇ ಮರ್ಯಾದೆ, ಋತುಗಳಿಗೆ ಬೇಡ. ನಾನು ಎಂದು ಹೇಳುವ ಐ ವಾಕ್ಯದಲ್ಲಿ ಎಲ್ಲಿ ಬಂದರೂ ದೊಡ್ಡದು. ಉಳಿದ ಸಾಮಾನ್ಯ ಪದಗಳಿಗೆ ಸಣ್ಣಕ್ಷರ ಸಾಕು. ಅರ್ಧ ಪುಟದಲ್ಲಿ ಮುಗಿಯುವ ಪಾಠ ಇದು. ಪಾಲಿಸಲೇಬೇಕಾದವರು ಮಾತ್ರ ಶಾಲೆಯ ಮಕ್ಕಳು ಮತ್ತು ಅರ್ಜಿದಾರರು.

ಮಕ್ಕಳಿಂದಲೇ ಆರಂಭಿಸೋಣ. ಕನ್ನಡ ಲಿಪಿಯಲ್ಲಿ ದೊಡ್ಡದು, ಸಣ್ಣದು ಎಂಬ ಭೇದವೇ ಇಲ್ಲ. ತೆಲುಗು, ತಮಿಳು, ಮಲಯಾಳಂ, ದೇವನಾಗರಿ, ಅರೇಬಿಕ್‌ನಲ್ಲೂ ಇಲ್ಲ. ಲ್ಯಾಟಿನ್, ಗ್ರೀಕ್, ಸಿರಿಲಿಕ್, ಅರ್ಮೇನಿಯನ್‌ನಂತಹ ಕೆಲವೇ ಲಿಪಿಗಳ ಪದ್ಧತಿ ಇದು. ಅ ಆ ಇ ಈ ಕಲಿತು ಬಂದ ಮಗುವಿಗೆ ಒಂದೇ ಉಚ್ಚಾರಕ್ಕೆ ಎರಡು ರೂಪ ಯಾಕೆ ಬೇಕು ಎಂಬುದೇ ಒಗಟು. ಆ ಒಗಟನ್ನು ಬಿಡಿಸಿ ಹೇಳುವವರಿಗಿಂತ ತಪ್ಪಿಗೆ ಕೆಂಪು ಗೆರೆ ಎಳೆಯುವವರೇ ಹೆಚ್ಚು.

ಲೆಕ್ಕ ಹಾಕಿ ನೋಡಿ. ಇಂಗ್ಲಿಷಿಗೆ 26 ಅಕ್ಷರ ಎಂದು ನಾವು ಹಗುರವಾಗಿ ಹೇಳುತ್ತೇವೆ. ದೊಡ್ಡದು, ಸಣ್ಣದು ಸೇರಿದರೆ 52. ನಾಲ್ಕು ಗೆರೆಯ ಪುಸ್ತಕದಲ್ಲಿ ಕೂಡಿಸಿ ಬರೆಯುವ ಕರ್ಸಿವ್ ರೂಪಗಳೂ ಸೇರಿದರೆ 104. ಆರು ವರ್ಷದ ಮಗು 104 ಆಕಾರಗಳನ್ನು ಕಲಿಯಬೇಕು, ಯಾವುದು ಎಲ್ಲಿ ಎಂಬ ನಿಯಮವನ್ನೂ ನೆನಪಿಡಬೇಕು. ಇಷ್ಟನ್ನೂ ಮಾಡಿದ ಮಗು ಊರಿನ ಹೆಸರನ್ನು ಸಣ್ಣಕ್ಷರದಿಂದ ಶುರು ಮಾಡಿದರೆ ಅರ್ಧ ಅಂಕ ಹೋಗುತ್ತದೆ.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿದೆ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಆರಂಭವಾದವು. ಎರಡೂ ಸಲ ಘೋಷಣೆ ಜೋರಾಗಿಯೇ ಇತ್ತು. ಒಬ್ಬರೇ ಶಿಕ್ಷಕರು ಎಲ್ಲ ವಿಷಯ, ಎಲ್ಲ ತರಗತಿ ನೋಡಿಕೊಳ್ಳುವ ಹಳ್ಳಿ ಶಾಲೆಯಲ್ಲಿ ಈ ಪಾಠ ಮಾಡುವವರು ಯಾರು ಎಂಬ ಪ್ರಶ್ನೆ ಎರಡೂ ಸಲ ಘೋಷಣೆಯ ಹೊರಗೇ ಉಳಿಯಿತು.

ಕನ್ನಡಿಗರಿಗೆ ಈ ಭೇದ ಒಗ್ಗುವುದಿಲ್ಲ ಎಂದು ಯಾರೂ ಹೇಳಬೇಕಾಗಿಲ್ಲ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಎನ್ ಒತ್ತಿದರೆ ನ, ಶಿಫ್ಟ್ ಹಿಡಿದು ಒತ್ತಿದರೆ ಣ. ಎಲ್ ಒತ್ತಿದರೆ ಲ, ಶಿಫ್ಟ್ ಜೊತೆಗೆ ಳ. ಸರ್ಕಾರದ ನುಡಿ ತಂತ್ರಾಂಶದಲ್ಲಿ ದಿನಗಟ್ಟಲೆ ಬೆರಳಚ್ಚು ಮಾಡುವ ನಮ್ಮ ಹುಡುಗ ಹುಡುಗಿಯರು ಇದರಲ್ಲಿ ತಡವರಿಸುವುದಿಲ್ಲ. ಯಾವ ಕಾರಣಕ್ಕೆ ಯಾವ ಅಕ್ಷರ ಎಂದು ತಿಳಿದರೆ ಜನ ಕಲಿಯುತ್ತಾರೆ; ಕಾರಣ ಹೇಳುವ ಅಭ್ಯಾಸ ಮಾತ್ರ ನಮ್ಮ ಕಚೇರಿಗಳಿಗಿಲ್ಲ.

ಇನ್ನು ಆ ಕಚೇರಿಗಳೇ ಬರೆಯುವ ಇಂಗ್ಲಿಷ್ ನೋಡೋಣ. ಸಚಿವರು, ಆಯುಕ್ತರು, ನಿರ್ದೇಶಕರು, ಸಕ್ಷಮ ಪ್ರಾಧಿಕಾರ, ಸಮಿತಿ, ಇಲಾಖೆ ಎಲ್ಲಕ್ಕೂ ದೊಡ್ಡಕ್ಷರ. ಹುದ್ದೆಯ ಜೊತೆ ಹೆಸರು ಇರಲಿ, ಇಲ್ಲದಿರಲಿ, ವಾಕ್ಯದ ಮಧ್ಯದಲ್ಲೂ ಅವು ತಲೆ ಎತ್ತಿಯೇ ನಿಲ್ಲುತ್ತವೆ. ಅದೇ ಪತ್ರದಲ್ಲಿ ಅರ್ಜಿದಾರ, ಫಲಾನುಭವಿ, ಸಾರ್ವಜನಿಕ, ರೈತ, ಬಾಡಿಗೆದಾರ ಬಂದಾಗ ವ್ಯಾಕರಣ ನೆನಪಾಗುತ್ತದೆ, ಸಣ್ಣಕ್ಷರ ಬೀಳುತ್ತದೆ. ಸಾಮಾನ್ಯ ನಾಮಪದದ ನಿಯಮ ಸಾಮಾನ್ಯ ಜನರಿಗೆ ಮಾತ್ರ ತಪ್ಪದೆ ಅನ್ವಯವಾಗುತ್ತದೆ.

ಇಂಗ್ಲಿಷನ್ನು ಮನೆಮಾತಾಗಿ ಆಡುವವರ ಪತ್ರಿಕೆಗಳು ಇಷ್ಟು ಉದಾರವಾಗಿಲ್ಲ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ಶೈಲಿ ಕೈಪಿಡಿ ಪ್ರಕಾರ ಪ್ರಧಾನಿ ಎಂಬ ಹುದ್ದೆಗೂ ಸಣ್ಣಕ್ಷರವೇ. ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಅಧ್ಯಕ್ಷ ಎಂಬ ಪದಕ್ಕೆ ದೊಡ್ಡಕ್ಷರ ಕೊಡುವುದು ಅದು ಹೆಸರಿಗೆ ಮುಂಚೆ ಬಿರುದಾಗಿ ಬಂದಾಗ ಮಾತ್ರ. ಅಲ್ಲಿನ ಪ್ರಧಾನಿ, ಅಧ್ಯಕ್ಷರ ಅಧಿಕಾರ ಇದರಿಂದ ಕಡಿಮೆಯಾಗಿಲ್ಲ. ನಮ್ಮ ತಾಲ್ಲೂಕು ಮಟ್ಟದ ಹುದ್ದೆಗಳಿಗೆ ಮಾತ್ರ ಇನ್ನೂ ಆ ಆಸರೆ ಬೇಕಾಗಿದೆ.

ಕನ್ನಡದಲ್ಲಿ ಗೌರವ ಇರುವುದು ಅಕ್ಷರದ ಗಾತ್ರದಲ್ಲಲ್ಲ, ಬಹುವಚನದಲ್ಲಿ. ಬಂದರು, ಕೂತರು, ಹೇಳಿದರು ಎಂದರೆ ಸಾಕು, ಮರ್ಯಾದೆ ಸಂದಿತು. ಅದು ಮಂತ್ರಿಗೂ ಸಲ್ಲುತ್ತದೆ, ತರಕಾರಿ ಮಾರುವ ಅಜ್ಜಿಗೂ ಸಲ್ಲುತ್ತದೆ. ಇಂಗ್ಲಿಷಿನ ದೊಡ್ಡಕ್ಷರವನ್ನು ಕಚೇರಿಗೆ ತಂದವರು ಈ ಸಮಾನತೆಯನ್ನು ಬಾಗಿಲಾಚೆಗೇ ಬಿಟ್ಟು ಬಂದರು.

ಅಕ್ಷರದಲ್ಲಿ ಮಾನ ಅವಮಾನ ಇದೆಯೇ ಎಂದು ಕೇಳುವವರು ಅಮೆರಿಕದ ಚರಿತ್ರೆಯನ್ನು ನೋಡಬೇಕು. ಅಲ್ಲಿನ ಕಪ್ಪು ಜನರನ್ನು ಆಗ ಕರೆಯುತ್ತಿದ್ದ ನೀಗ್ರೋ ಎಂಬ ಪದವನ್ನು ಪತ್ರಿಕೆಗಳು ಸಣ್ಣಕ್ಷರದಲ್ಲೇ ಅಚ್ಚು ಹಾಕುತ್ತಿದ್ದವು. ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಮತ್ತು ಅವರ ಸಂಗಡಿಗರು ಇದರ ವಿರುದ್ಧ ವರ್ಷಾನುಗಟ್ಟಲೆ ದನಿ ಎತ್ತಿದರು. ನ್ಯೂಯಾರ್ಕ್ ಟೈಮ್ಸ್ ಒಪ್ಪಿದ್ದು 1930ರಲ್ಲಿ. ಗುಲಾಮಗಿರಿಯನ್ನು ಕಾನೂನು ರದ್ದು ಮಾಡಿ ಆಗಲೇ 65 ವರ್ಷ ಕಳೆದಿತ್ತು. ಒಂದು ಅಕ್ಷರ ದೊಡ್ಡದಾಗಲು ಅಷ್ಟು ಕಾಲ ಬೇಕಾಯಿತು.

ಅದೇ ಹೋರಾಟದ ಮುಂದಿನ ಅಧ್ಯಾಯ ನಮ್ಮ ಕಣ್ಣೆದುರೇ ನಡೆಯಿತು. ಕಪ್ಪು ಅಮೆರಿಕನ್ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಹತ್ಯೆಯಾದ ಬಳಿಕ 2020ರ ಜೂನ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್, ಜನಾಂಗವನ್ನು ಸೂಚಿಸುವಾಗ ಬ್ಲ್ಯಾಕ್ ಪದದ ಮೊದಲ ಅಕ್ಷರ ದೊಡ್ಡದಿರಬೇಕು ಎಂದು ನಿಯಮ ಬದಲಿಸಿತು. ನಮ್ಮ ಇಂಗ್ಲಿಷ್ ಪತ್ರಿಕೆಗಳೂ ದಲಿತ ಪದವನ್ನು ದೊಡ್ಡಕ್ಷರದಿಂದ ಬರೆಯುತ್ತವೆ. ಅಕ್ಷರ ಬದಲಾದರೆ ಬದುಕು ಬದಲಾಗುವುದಿಲ್ಲ, ನಿಜ. ಆದರೆ ಅಕ್ಷರವನ್ನೂ ಬದಲಿಸಲು ಒಪ್ಪದವರು ಬದುಕನ್ನು ಬದಲಿಸುತ್ತಾರೆ ಎಂದು ನಂಬುವುದು ಕಷ್ಟ.

ಈ ನಿಯಮಗಳು ಕಲ್ಲಿನ ಮೇಲೆ ಕೊರೆದವೂ ಅಲ್ಲ. 1787ರಲ್ಲಿ ಬರೆದ ಅಮೆರಿಕದ ಸಂವಿಧಾನದ ಮೂಲಪ್ರತಿಯಲ್ಲಿ ನಾಮಪದಗಳೆಲ್ಲ ಬಹುತೇಕ ದೊಡ್ಡಕ್ಷರದಲ್ಲೇ ಇವೆ. ಆಗ ಅದೇ ರೂಢಿ. ಆಮೇಲೆ ಇಂಗ್ಲಿಷ್ ಅದನ್ನು ಬಿಟ್ಟಿತು. ಡೆನ್ಮಾರ್ಕ್ 1948ರಲ್ಲಿ ಕಾಗುಣಿತ ಸುಧಾರಣೆ ಮಾಡಿ ತನ್ನ ಭಾಷೆಯ ನಾಮಪದಗಳಿಂದ ದೊಡ್ಡಕ್ಷರ ತೆಗೆದುಹಾಕಿತು. ಜರ್ಮನ್ ಇನ್ನೂ ಉಳಿಸಿಕೊಂಡಿದೆ. ಇಂಟರ್ನೆಟ್ ಎಂಬ ಪದವನ್ನು ಅಸೋಸಿಯೇಟೆಡ್ ಪ್ರೆಸ್ 2016ರಲ್ಲಿ ಸಣ್ಣಕ್ಷರಕ್ಕೆ ಇಳಿಸಿತು. ಎಲ್ಲ ಕಡೆ ನಿಯಮ ಓದುಗರ ರೂಢಿಯ ಜೊತೆ ಬದಲಾಗುತ್ತದೆ. ನಮ್ಮಲ್ಲಿ ನಮೂನೆಯ ಹಳೇ ದಾಸ್ತಾನು ಮುಗಿಯುವವರೆಗೂ ಬದಲಾಗುವುದಿಲ್ಲ.

ಪೂರ್ತಿ ದೊಡ್ಡಕ್ಷರದಲ್ಲಿ ಬರೆಯುವ ಚಾಳಿಯನ್ನೇ ತೆಗೆದುಕೊಳ್ಳಿ. ಅದರ ಒಂದು ಮೂಲ ಟೆಲಿಪ್ರಿಂಟರ್ ಯಂತ್ರ. ಹಳೆಯ ಯಂತ್ರಗಳಿಗೆ ಸಣ್ಣಕ್ಷರ ಅಚ್ಚು ಮಾಡುವ ಶಕ್ತಿ ಇರಲಿಲ್ಲ. ಅಮೆರಿಕದ ನೌಕಾಪಡೆ ತನ್ನ ಸಂದೇಶಗಳಲ್ಲಿ ಈ ಪದ್ಧತಿಯನ್ನು 2013ರಲ್ಲಿ ಕೈಬಿಟ್ಟಿತು. ಅಲ್ಲಿನ ರಾಷ್ಟ್ರೀಯ ಹವಾಮಾನ ಸೇವೆ 2016ರ ಮೇ ತಿಂಗಳಲ್ಲಿ ಬಿಟ್ಟಿತು. ನಮ್ಮಲ್ಲಿ ಆ ಯಂತ್ರಗಳು ಗುಜರಿ ಸೇರಿ ಎಷ್ಟೋ ಕಾಲವಾಯಿತು. ಅವುಗಳ ಅಪ್ಪಣೆ ಮಾತ್ರ ಇನ್ನೂ ಜಾರಿಯಲ್ಲಿದೆ.

ರಸ್ತೆ ಫಲಕದಲ್ಲೂ ಇದೇ ಕಥೆ. ಬ್ರಿಟನ್ನಿನಲ್ಲಿ ಜಾಕ್ ಕಿನ್ನೀರ್ ಮತ್ತು ಮಾರ್ಗರೆಟ್ ಕಾಲ್ವರ್ಟ್ 1950ರ ದಶಕದ ಕೊನೆಯಿಂದ ಹೆದ್ದಾರಿ ಫಲಕಗಳನ್ನು ಹೊಸದಾಗಿ ವಿನ್ಯಾಸ ಮಾಡಿದಾಗ ಊರಿನ ಹೆಸರಿಗೆ ಮೊದಲಕ್ಷರ ದೊಡ್ಡದು, ಉಳಿದದ್ದು ಸಣ್ಣದು ಎಂಬ ಕ್ರಮ ತಂದರು. ವೇಗವಾಗಿ ಹೋಗುವ ಚಾಲಕನ ಕಣ್ಣಿಗೆ ಹೆಸರು ಸಿಗಬೇಕು ಎಂಬುದೇ ಉದ್ದೇಶ. ಅಮೆರಿಕವೂ ದಾರಿ ತೋರುವ ಫಲಕಗಳಲ್ಲಿನ ಊರು, ಬೀದಿಗಳ ಹೆಸರಿಗೆ 2009ರ ಕೈಪಿಡಿಯಲ್ಲಿ ಇದೇ ನಿಯಮ ಮಾಡಿತು. ನಮ್ಮ ಬಡಾವಣೆಗಳಲ್ಲಿ ಫಲಕದ ಅಕ್ಷರ ನಿರ್ಧರಿಸುವುದು ಓಡಿಸುವವನ ಕಣ್ಣಲ್ಲ, ಬಣ್ಣ ಬಳಿಯುವ ಗುತ್ತಿಗೆದಾರನ ಕೈ.

ಈಗ ಅರ್ಜಿಗೆ ಬರೋಣ. ಕೈಬರಹದ ಅರ್ಜಿಯಲ್ಲಿ ಬಿಡಿಬಿಡಿ ದೊಡ್ಡಕ್ಷರ ಕೇಳುವುದಕ್ಕೆ ಅರ್ಥವಿತ್ತು. ಒಬ್ಬೊಬ್ಬರ ಕೂಡುಬರಹ ಒಂದೊಂದು ಬಗೆ. ಅದನ್ನು ನೋಡಿ ಕಂಪ್ಯೂಟರಿಗೆ ಏರಿಸುವವರಿಗೆ, ಸ್ಕ್ಯಾನ್ ಮಾಡಿ ಗುರುತಿಸುವ ಯಂತ್ರಕ್ಕೆ ಬಿಡಿ ಅಕ್ಷರ ಸುಲಭ. ಸರಿ, ಒಪ್ಪಿದೆವು. ಆದರೆ ಈಗ ಅರ್ಜಿ ಆನ್‌ಲೈನ್. ಅಕ್ಷರ ಒತ್ತುವವರೂ ನಾವೇ. ಸಣ್ಣದನ್ನು ದೊಡ್ಡದು ಮಾಡುವುದು ಕಂಪ್ಯೂಟರಿಗೆ ಒಂದು ಸಾಲಿನ ಕೆಲಸ. ಆ ಒಂದು ಸಾಲು ಬರೆಯದೆ, ತಪ್ಪಾಗಿದೆ ಎಂಬ ಕೆಂಪು ಎಚ್ಚರಿಕೆಯನ್ನು ನಮಗೆ ಕಳಿಸುತ್ತಾರೆ.

ಪಾಸ್‌ಪೋರ್ಟಿನ ಕೆಳಭಾಗದ ಎರಡು ಸಾಲುಗಳನ್ನು ನೋಡಿ. ಒಂದೊಂದು ಸಾಲಿಗೆ 44 ಸ್ಥಾನ, ದೊಡ್ಡಕ್ಷರ, ಅಂಕಿ ಮತ್ತು ಒಂದು ಚಿಹ್ನೆ ಬಿಟ್ಟರೆ ಬೇರೇನಿಲ್ಲ. ಲೋಕದ ಎಲ್ಲ ವಿಮಾನ ನಿಲ್ದಾಣಗಳ ಯಂತ್ರ ಓದಬೇಕು, ಹಾಗಾಗಿ ಎಲ್ಲ ದೇಶಗಳೂ ಒಪ್ಪಿಕೊಂಡ ಮಾದರಿ ಅದು. ಕಾರಣ ಸ್ಪಷ್ಟ, ಪಾಲನೆ ಎಲ್ಲರಿಗೂ ಸಮಾನ. ನಮ್ಮ ತಕರಾರು ಅಂಥ ನಿಯಮದ ಮೇಲಲ್ಲ. ಕಾರಣ ಸತ್ತ ಮೇಲೂ ಬದುಕಿರುವ ನಿಯಮದ ಮೇಲೆ.

ಈ ಚೌಕಗಳಲ್ಲಿ ಕನ್ನಡಿಗರ ಹೆಸರು ಪಡುವ ಪಾಡೂ ಗೊತ್ತಿರುವುದೇ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಒಂದೊಂದು ಇಂಗ್ಲಿಷ್ ಅಕ್ಷರವಾಗಿ ಮುಂದೆ ನಿಲ್ಲುತ್ತವೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರು ಕೆ.ವಿ. ಪುಟ್ಟಪ್ಪ ಆದ ಹಾಗೆ. ಪಾಸ್‌ಪೋರ್ಟ್ ಅರ್ಜಿ ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಿರಿ ಎನ್ನುತ್ತದೆ. ಶಾಲೆಯ ದಾಖಲೆಯಲ್ಲಿ ಅದೇ ಇನಿಷಿಯಲ್ ಇರುತ್ತದೆ. ಎರಡೂ ಸರ್ಕಾರದ್ದೇ ಕಾಗದ, ವ್ಯತ್ಯಾಸಕ್ಕೆ ಅಫಿಡವಿಟ್ ಮಾತ್ರ ನಮ್ಮದು.

ಇದಕ್ಕಿಂತ ಹೆಚ್ಚು ಸತಾಯಿಸುವುದು ಪಾಸ್‌ವರ್ಡ್. ಇ-ಆಧಾರ್ ಕಡತವನ್ನು ಡೌನ್‌ಲೋಡ್ ಮಾಡಿಕೊಂಡವರಿಗೆ ಗೊತ್ತು. ಅದನ್ನು ತೆರೆಯಲು ಹೆಸರಿನ ಮೊದಲ ನಾಲ್ಕು ಅಕ್ಷರ ದೊಡ್ಡದಾಗಿ, ಆಮೇಲೆ ಹುಟ್ಟಿದ ವರ್ಷ. ಹೆಸರಿನ ಮುಂದೆ ಇನಿಷಿಯಲ್ ಇದ್ದರೆ ಅದರ ಚುಕ್ಕಿಯೂ ಒಂದು ಅಕ್ಷರವಾಗಿ ಲೆಕ್ಕಕ್ಕೆ ಬರುತ್ತದೆ, ನಡುವಿನ ಖಾಲಿ ಜಾಗ ಬರುವುದಿಲ್ಲ. ಇದನ್ನು ಅರಿಯದೆ ಸೈಬರ್ ಸೆಂಟರಿನಲ್ಲಿ ಹಣ ಕೊಟ್ಟು ತೆರೆಸಿಕೊಳ್ಳುವ ಹಿರಿಯರು ಎಷ್ಟೋ ಮಂದಿ. ತನ್ನದೇ ಗುರುತಿನ ಚೀಟಿಯನ್ನು ನೋಡಲು ಪ್ರಜೆ ಒಂದು ಚುಕ್ಕಿಯ ಮುಂದೆ ಸೋಲುತ್ತಾನೆ.

ಇನ್ನು ಆದಾಯ ತೆರಿಗೆ. ಪ್ಯಾನ್ ಸಂಖ್ಯೆಯಲ್ಲಿ ಐದು ಅಕ್ಷರ, ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ಕಾರ್ಡಿನಲ್ಲಿ ಅಚ್ಚಾಗಿರುವುದು ದೊಡ್ಡಕ್ಷರ. ಬ್ಯಾಂಕಿನಲ್ಲಿ, ನೋಂದಣಿ ಕಚೇರಿಯಲ್ಲಿ ಬರೆಯಬೇಕಾದದ್ದೂ ದೊಡ್ಡಕ್ಷರ. ಆದರೆ ರಿಟರ್ನ್ಸ್ ಸಲ್ಲಿಸಿದ್ದಕ್ಕೆ ಬರುವ ಸ್ವೀಕೃತಿ ಕಡತ ತೆರೆಯಲು ಅದೇ ಪ್ಯಾನ್ ಸಣ್ಣಕ್ಷರದಲ್ಲಿ ಬೇಕು, ಜೊತೆಗೆ ಜನ್ಮದಿನಾಂಕ. ಆಧಾರ್‌ಗೆ ದೊಡ್ಡದು, ತೆರಿಗೆಗೆ ಸಣ್ಣದು. ಒಂದೇ ಸರ್ಕಾರದ ಎರಡು ಕಚೇರಿಗಳು ಒಂದು ಅಕ್ಷರದ ಗಾತ್ರದ ಬಗ್ಗೆ ಕೂತು ಮಾತಾಡಿಲ್ಲ. ಪ್ರಜೆಯಿಂದ ಮಾತ್ರ ಎಲ್ಲ ದಾಖಲೆಯಲ್ಲೂ ಏಕರೂಪತೆ ಬೇಕು.

ಇಷ್ಟೆಲ್ಲ ಭದ್ರತೆಗಾಗಿ ಎನ್ನುತ್ತಾರೆ. ಹೆಸರು, ಹುಟ್ಟಿದ ವರ್ಷ ಎರಡೂ ನಾವು ಹೋಟೆಲಿಗೆ, ಸಿಮ್ ಅಂಗಡಿಗೆ, ಬಾಡಿಗೆ ಮನೆಯ ಮಾಲೀಕರಿಗೆ ಕೊಟ್ಟ ನಕಲು ಪ್ರತಿಗಳಲ್ಲಿ ಇರುವಂಥವೇ. ಕಳ್ಳನಿಗೆ ಇದು ತಡೆ ಆಗುವುದಿಲ್ಲ. ತಡೆ ಆಗುವುದು ಮೊಬೈಲಿನಲ್ಲಿ ದೊಡ್ಡಕ್ಷರ ಬರಿಸುವುದು ಹೇಗೆಂದು ತಿಳಿಯದ ಪಿಂಚಣಿದಾರರಿಗೆ.

ಒಂದು ದೊಡ್ಡಕ್ಷರ, ಒಂದು ಸಣ್ಣಕ್ಷರ, ಒಂದು ಅಂಕಿ, ಒಂದು ವಿಶೇಷ ಚಿಹ್ನೆ ಇರಲೇಬೇಕು ಎಂಬ ನಿಯಮಕ್ಕೂ ಒಂದು ಚರಿತ್ರೆ ಇದೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನಲ್ಲಿದ್ದ ಬಿಲ್ ಬರ್ 2003ರಲ್ಲಿ ಸಿದ್ಧಪಡಿಸಿದ ಮಾರ್ಗಸೂಚಿಯಿಂದ ಅದು ಜಗತ್ತಿಗೆಲ್ಲ ಹಬ್ಬಿತು. 2017ರಲ್ಲಿ ಅದೇ ಸಂಸ್ಥೆ ನಿಲುವು ಬದಲಿಸಿತು: ಇಂಥ ಕಡ್ಡಾಯ ಬೇಡ, ಉದ್ದನೆಯ ಪಾಸ್‌ವರ್ಡ್ ಇರಲಿ. ಬರ್ ಅವರು ಕೂಡ ತಮ್ಮ ಸಲಹೆಯ ಬಗ್ಗೆ ಬಹಿರಂಗವಾಗಿ ವಿಷಾದಿಸಿದರು. ನಿಯಮ ಮಾಡಿದವರೇ ಬಿಟ್ಟ ನಿಯಮವನ್ನು ನಮ್ಮ ಪೋರ್ಟಲ್‌ಗಳು ಇನ್ನೂ ಬಿಗಿಯಾಗಿ ಹಿಡಿದುಕೊಂಡಿವೆ.

ಕನ್ನಡ ಕೀಲಿಮಣೆ ಇಟ್ಟುಕೊಂಡ ಫೋನಿನಲ್ಲಿ ಈ ಕಡ್ಡಾಯ ಇನ್ನೂ ಕ್ರೂರ. ಪೋರ್ಟಲಿನ ಪುಟ ಕನ್ನಡದಲ್ಲಿದೆ, ಸ್ವಾಗತ ಕನ್ನಡದಲ್ಲಿದೆ, ಸಚಿವರ ಭಾವಚಿತ್ರದ ಕೆಳಗಿನ ಸಂದೇಶ ಕನ್ನಡದಲ್ಲಿದೆ. ಒಳಗೆ ಹೋಗಬೇಕಾದರೆ ಮಾತ್ರ ಇಂಗ್ಲಿಷ್ ದೊಡ್ಡಕ್ಷರ ಬೇಕು. ಕನ್ನಡ ಓದಲು ಬರೆಯಲು ಬಲ್ಲ ಪ್ರಜೆಯನ್ನು ನಾವು ಅಕ್ಷರಸ್ಥ ಎನ್ನುತ್ತೇವೆ, ಪೋರ್ಟಲ್ ಒಪ್ಪುವುದಿಲ್ಲ.

ಪ್ರಜೆಯ ಒಂದು ಅಕ್ಷರಕ್ಕೆ ಇಷ್ಟು ಕಾವಲು ಹಾಕಿದವರು, ಅಕ್ಷರದಿಂದ ನಿಜಕ್ಕೂ ದುಡ್ಡಿನ ವ್ಯತ್ಯಾಸವಾಗುವ ಜಾಗದಲ್ಲಿ ಕಣ್ಣು ಮುಚ್ಚಿದ್ದಾರೆ. ಬ್ರಾಡ್‌ಬ್ಯಾಂಡ್ ಜಾಹೀರಾತು ನೋಡಿ. ವೇಗವನ್ನು ಹೇಳುವುದು ಮೆಗಾಬಿಟ್‌ನಲ್ಲಿ; ಅದಕ್ಕೆ ಸಣ್ಣ ಬಿ. ಕಡತದ ಗಾತ್ರ ಹೇಳುವುದು ಮೆಗಾಬೈಟ್‌ನಲ್ಲಿ. ಅದಕ್ಕೆ ದೊಡ್ಡ ಬಿ. ಒಂದು ಬೈಟ್ ಎಂದರೆ ಎಂಟು ಬಿಟ್. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ ಇಳಿಯುವುದು ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್. ಜಾಹೀರಾತಿನಲ್ಲಿ 100 ಎಂಬ ಅಂಕಿ ಗೋಡೆ ತುಂಬ ಇರುತ್ತದೆ, ಎಂಟರಿಂದ ಭಾಗಿಸಬೇಕಾದ ಬಿ ಮೂಲೆಯಲ್ಲಿರುತ್ತದೆ.

ಎಷ್ಟು ಮಂದಿ ಗ್ರಾಹಕರಿಗೆ ಆ ಎರಡು ಬಿಗಳ ವ್ಯತ್ಯಾಸ ಯಾರಾದರೂ ಹೇಳಿದ್ದಾರೆ? 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 512 ಕಿಲೋಬಿಟ್‌ನಿಂದ 2 ಮೆಗಾಬಿಟ್‌ಗೆ ಏರಿಸಿತು. ಬೈಟ್ ಲೆಕ್ಕದಲ್ಲಿ ಅದು ಸೆಕೆಂಡಿಗೆ ಕಾಲು ಮೆಗಾಬೈಟ್. ಎರಡು ಎಂದು ಕೇಳಿದ್ದನ್ನು ಕಾಲು ಎಂದು ತಿಳಿದುಕೊಳ್ಳುವ ಹೊಣೆಯೂ ಗ್ರಾಹಕರದೇ ಆಯಿತು.

ಅಳತೆಯ ವಿಷಯವೂ ಹೀಗೆಯೇ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಕಿಲೋ ಎನ್ನುವ ಕೆ ಸಣ್ಣದು; ದೊಡ್ಡ ಕೆ ಎಂದರೆ ಉಷ್ಣತೆಯ ಮಾನ ಕೆಲ್ವಿನ್. ವಿಜ್ಞಾನಿಗಳ ಹೆಸರಿನಿಂದ ಬಂದ ಮಾನಗಳ ಚಿಹ್ನೆ ದೊಡ್ಡದು: ಜೇಮ್ಸ್ ವಾಟ್ ಹೆಸರಿನ ಡಬ್ಲ್ಯು, ವೋಲ್ಟಾ ಹೆಸರಿನ ವಿ. ಹಾಗಾಗಿ ವಿದ್ಯುತ್ತಿನ ಒಂದು ಯೂನಿಟ್ ಬರೆಯುವಾಗ ಕೆ ಸಣ್ಣದು, ಡಬ್ಲ್ಯು ದೊಡ್ಡದು, ಎಚ್ ಸಣ್ಣದು. ಎಸ್ಸೆಸ್ಸೆಲ್ಸಿ ಮಕ್ಕಳು ಭೌತಶಾಸ್ತ್ರದಲ್ಲಿ ಇದನ್ನು ಕಲಿಯುತ್ತಾರೆ. ರಸ್ತೆಯ ಫಲಕ, ಅಂಗಡಿಯ ದರಪಟ್ಟಿ, ಕಚೇರಿಯ ಟೆಂಡರ್‌ಗಳಲ್ಲಿ ಕಿಲೋಮೀಟರು, ಕಿಲೋಗ್ರಾಂ ಎಲ್ಲವೂ ದೊಡ್ಡಕ್ಷರ. ಮಗು ಮನೆಗೆ ಬರುವ ದಾರಿಯುದ್ದಕ್ಕೂ ಪಾಠ ಮರೆಯುತ್ತಾ ಬರುತ್ತದೆ.

ಇದನ್ನು ಮಡಿವಂತಿಕೆ ಎನ್ನಬೇಡಿ. ಸಣ್ಣ ಎಂ ಎಂದರೆ ಸಾವಿರದ ಒಂದು ಪಾಲು, ದೊಡ್ಡ ಎಂ ಎಂದರೆ ಹತ್ತು ಲಕ್ಷ ಪಟ್ಟು. ಮಿಲಿವಾಟ್‌ಗೂ ಮೆಗಾವಾಟ್‌ಗೂ ನಡುವೆ ನೂರು ಕೋಟಿ ಪಟ್ಟು ಅಂತರ. ಸಣ್ಣ ಎಲ್ ಒಂದು ಎಂಬ ಅಂಕಿಯಂತೆ ಕಾಣುತ್ತದೆ ಎಂಬ ಕಾರಣಕ್ಕೆ 1979ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವೇ ಕೂತು ಲೀಟರಿಗೆ ದೊಡ್ಡ ಎಲ್ ಬಳಸಲೂ ಒಪ್ಪಿಗೆ ಕೊಟ್ಟಿತು. ಜಗತ್ತು ಒಂದು ಅಕ್ಷರದ ಗೊಂದಲ ಬಿಡಿಸಲು ಸಭೆ ಸೇರುತ್ತದೆ. ಆ ಸಮ್ಮೇಳನಕ್ಕೆ ಆಧಾರವಾದ ಅಳತೆಗಳ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1957ರಿಂದ ಸದಸ್ಯ ದೇಶ. ಸಹಿ ಹಾಕಿದ್ದು ಫಲಕ ಬರೆಯುವವರ ಕಿವಿಗೆ ಇನ್ನೂ ಬಿದ್ದಿಲ್ಲ.

ಎಲ್ಲಕ್ಕಿಂತ ದೊಡ್ಡ ದೂರು ಔಷಧ ಚೀಟಿಯದು. ಇಲ್ಲಿ ತಪ್ಪಿದರೆ ಹೋಗುವುದು ಅರ್ಧ ಅಂಕವಲ್ಲ, ಜೀವ. ಡೋಪಮೈನ್ ಮತ್ತು ಡೋಬ್ಯುಟಮೈನ್, ಪ್ರೆಡ್ನಿಸೋನ್ ಮತ್ತು ಪ್ರೆಡ್ನಿಸೊಲೋನ್ ಬೇರೆ ಬೇರೆ ಔಷಧ. ಗೀಚಿದ ಅಕ್ಷರದಲ್ಲಿ ಎರಡೂ ಒಂದೇ ಅಲೆ. ಆ ಅಲೆಯನ್ನು ಓದುವ ವಿದ್ಯೆ ರೋಗಿಗೆ ಇಲ್ಲ, ಅಂಗಡಿಯವರಿಗೆ ಇದೆ ಎಂದು ನಂಬಿಕೊಂಡು ನಾವು ಗುಳಿಗೆ ನುಂಗುತ್ತೇವೆ.

ನಿಯಮ ಇಲ್ಲವೇ? ಇದೆ. ವೈದ್ಯರ ವೃತ್ತಿ ನಡವಳಿಕೆ ಕುರಿತ 2002ರ ನಿಯಮಾವಳಿಗೆ 2016ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ತಿದ್ದುಪಡಿ ತಂದಿತು. ಔಷಧಗಳನ್ನು ಜೆನೆರಿಕ್ ಹೆಸರಿನಲ್ಲಿ, ಓದಲು ಬರುವಂತೆ, ಆದಷ್ಟೂ ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆಯಬೇಕು ಎಂಬುದು ಅದರ ಸಾರ. ಆದಷ್ಟೂ ಎಂಬ ಒಂದು ಮಾತಿನ ಕಿಂಡಿ ಸಾಕಾಯಿತು. ಅರ್ಜಿ ತುಂಬುವ ನಮಗೆ ಕ್ಯಾಪಿಟಲ್ ಅಕ್ಷರ ಕಡ್ಡಾಯ, ಔಷಧ ಬರೆಯುವವರಿಗೆ ಅನುಕೂಲವಿದ್ದರೆ.

ಆಮೇಲೆ ಮಂಡಳಿಯೇ ಹೋಯಿತು, ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. 2023ರ ಆಗಸ್ಟ್ 2ರಂದು ಹೊಸ ವೃತ್ತಿ ನಿಯಮಾವಳಿ ಪ್ರಕಟವಾಯಿತು. ಸ್ಪಷ್ಟ ಬರಹದ ಮಾತು ಅದರಲ್ಲೂ ಇತ್ತು. ಜೆನೆರಿಕ್ ಔಷಧವನ್ನೇ ಬರೆಯಬೇಕೆಂಬ ಷರತ್ತಿಗೆ, ಔಷಧ ಕಂಪನಿಗಳ ಆತಿಥ್ಯಕ್ಕೆ ಹಾಕಿದ ಮಿತಿಗೆ ವೈದ್ಯರ ಸಂಘಟನೆಗಳಿಂದ ವಿರೋಧ ಬಂತು. ಅದೇ ತಿಂಗಳ 23ರಂದು ಇಡೀ ನಿಯಮಾವಳಿಯನ್ನು ತಡೆಹಿಡಿಯಲಾಯಿತು, ಹಳೆಯದೇ ಮರಳಿತು. ನಮ್ಮ ಅರ್ಜಿ ಮೂರು ವಾರದಲ್ಲಿ ಮೇಜಿನಿಂದ ಮೇಜಿಗೆ ದಾಟುವುದಿಲ್ಲ. ಅವರ ನಿಯಮ ಮೂರು ವಾರದಲ್ಲಿ ಬಂದು ಹೋಗಿತ್ತು.

ಕೊನೆಗೆ ನ್ಯಾಯಾಲಯಗಳೇ ಬಾಯಿ ತೆರೆಯಬೇಕಾಯಿತು. 2024ರ ಜನವರಿಯಲ್ಲಿ ಒಡಿಶಾ ಹೈಕೋರ್ಟ್, ಮರಣೋತ್ತರ ವರದಿ, ಔಷಧ ಚೀಟಿಗಳು ಓದಲು ಬರುವಂತೆ ಇರಬೇಕು, ಕ್ಯಾಪಿಟಲ್ ಅಕ್ಷರದಲ್ಲಿ ಅಥವಾ ಟೈಪ್ ಮಾಡಿ ಕೊಡಬೇಕು ಎಂದಿತು. 2025ರ ಆಗಸ್ಟ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಜಾಮೀನು ಅರ್ಜಿಯೊಂದರಲ್ಲಿ ವೈದ್ಯಕೀಯ ವರದಿಯನ್ನು ಓದಲಾಗದೆ, ಸ್ಪಷ್ಟವಾದ ಚೀಟಿ ಪಡೆಯುವುದು ಸಂವಿಧಾನದ 21ನೇ ವಿಧಿಯಡಿ ಆರೋಗ್ಯದ ಹಕ್ಕಿನ ಭಾಗ ಎಂದು ಹೇಳಿತು. ನ್ಯಾಯಮೂರ್ತಿಗಳಿಗೇ ಓದಲಾಗದಿದ್ದಾಗ ಅದು ಹಕ್ಕಾಯಿತು. ಅಲ್ಲಿಯವರೆಗೆ ರೋಗಿಯ ಹಣೆಬರಹವಾಗಿತ್ತು.

ಔಷಧದ ಲೋಕದಲ್ಲಿ ದೊಡ್ಡಕ್ಷರದಿಂದ ಜೀವ ಉಳಿಸುವ ದಾರಿಯೂ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2001ರಿಂದ ಉತ್ತೇಜಿಸುತ್ತಿರುವ ಕ್ರಮದಲ್ಲಿ, ಒಂದೇ ತರಹ ಕಾಣುವ ಹೆಸರುಗಳಲ್ಲಿ ಬೇರೆಯಾಗುವ ಭಾಗವನ್ನಷ್ಟೇ ದೊಡ್ಡಕ್ಷರದಲ್ಲಿ ಅಚ್ಚು ಮಾಡುತ್ತಾರೆ. ಪ್ರೆಡ್ನಿಸೋನ್‌ನಲ್ಲಿ ಸೋನ್ ಮಾತ್ರ ದೊಡ್ಡದು, ಇನ್ನೊಂದರಲ್ಲಿ ಲೋನ್ ದೊಡ್ಡದು. ದಾದಿಯ ಕಣ್ಣು ಅಲ್ಲೇ ನಿಲ್ಲುತ್ತದೆ. ಪದದ ನಡುವೆ ದೊಡ್ಡಕ್ಷರ ಬರಬಾರದು ಎಂಬ ವ್ಯಾಕರಣವನ್ನು ಅವರು ರೋಗಿಗಾಗಿ ಮುರಿದರು. ಇಲ್ಲಿ ರೋಗಿಗಾಗಿ ಮಾಡಿದ ನಿಯಮವನ್ನು ವೈದ್ಯರ ಅವಸರ ಮುರಿಯುತ್ತದೆ.

ವೈದ್ಯರಿಗೆ ಕೆಲಸದ ಒತ್ತಡವಿದೆ, ಒಪ್ಪೋಣ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲು ನೋಡಿದವರು ಅವರನ್ನು ಬೈಯಲಾರರು. ಹಾಗಾದರೆ ಟೈಪ್ ಮಾಡಿ ಕೊಡುವ ವ್ಯವಸ್ಥೆ ಮಾಡಿ. ಔಷಧದ ಹೆಸರುಗಳಷ್ಟನ್ನೇ ದೊಡ್ಡಕ್ಷರದಲ್ಲಿ ಬರೆಯಲು ತಗಲುವ ಸಮಯ, ಅಂಗಡಿಯವರು ಕರೆ ಮಾಡಿ ಇದೇನು ಬರೆದಿರಿ ಎಂದು ಕೇಳುವ ಸಮಯಕ್ಕಿಂತ ಕಡಿಮೆ. ಆ ಕರೆ ಮಾಡದೆ ಊಹಿಸುವ ಅಂಗಡಿಯವರೂ ಇದ್ದಾರೆ ಎಂಬುದೇ ನಮ್ಮ ಭಯ.

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಸರ್ಕಾರಿ ಆಸ್ಪತ್ರೆಗಳ ವೈದ್ಯರು ಕನ್ನಡದಲ್ಲೇ ಔಷಧ ಚೀಟಿ ಬರೆಯುವಂತೆ ಮಾಡಬೇಕೆಂದು ಆರೋಗ್ಯ ಸಚಿವರನ್ನು ಕೋರಿದರು. ಕೆಲವು ವೈದ್ಯರು ಬರೆದೂ ತೋರಿಸಿದರು. ಬೆಳಿಗ್ಗೆ ಒಂದು, ರಾತ್ರಿ ಊಟದ ನಂತರ ಒಂದು ಎಂದು ಕನ್ನಡದಲ್ಲಿ, ಔಷಧದ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಇದ್ದರೆ ರೋಗಿಗೂ ಅರ್ಥ, ಅಂಗಡಿಗೂ ಅರ್ಥ. ಇಷ್ಟು ಸರಳವಾದದ್ದು ಸುದ್ದಿಯಾಗುತ್ತದೆ ಎಂದರೆ ಮಾಮೂಲು ಸ್ಥಿತಿ ಏನೆಂದು ಬೇರೆ ಹೇಳಬೇಕಿಲ್ಲ.

ನಾವು ಕೇಳುತ್ತಿರುವುದು ನಾಲ್ಕೇ. ಆನ್‌ಲೈನ್ ಅರ್ಜಿಯಲ್ಲಿ ಅಕ್ಷರ ದೊಡ್ಡದು ಮಾಡುವ ಕೆಲಸ ಕಂಪ್ಯೂಟರಿನದಾಗಲಿ. ಸರ್ಕಾರಿ ಕಡತಗಳಿಗೆಲ್ಲ ಪಾಸ್‌ವರ್ಡಿನ ಪದ್ಧತಿ ಒಂದೇ ಇರಲಿ, ಅದರ ಸೂಚನೆ ಕನ್ನಡದಲ್ಲಿರಲಿ. ಇಂಟರ್ನೆಟ್ ಜಾಹೀರಾತಿನಲ್ಲಿ ವೇಗವನ್ನು ಬೈಟ್ ಲೆಕ್ಕದಲ್ಲೂ ಅಷ್ಟೇ ಗಾತ್ರದಲ್ಲಿ ಹೇಳಲಿ. ಔಷಧ ಚೀಟಿಯ ನಿಯಮದಿಂದ ಆದಷ್ಟೂ ಎಂಬ ಮಾತು ಹೋಗಲಿ. ಇವುಗಳಲ್ಲಿ ಒಂದಕ್ಕೂ ಭೂಮಿ ಪೂಜೆ ಬೇಕಿಲ್ಲ; ಬಹುಶಃ ಅದಕ್ಕೇ ಒಂದೂ ಶುರುವಾಗಿಲ್ಲ.

ದೊಡ್ಡಕ್ಷರ ಹುಟ್ಟಿದ್ದು ಓದುವವರಿಗಾಗಿ. ಇಲ್ಲಿ ಹೊಸ ವಾಕ್ಯ ಶುರುವಾಯಿತು, ಇದು ಒಬ್ಬರ ಹೆಸರು, ಇದು ಒಂದು ಊರು ಎಂದು ಕಣ್ಣಿಗೆ ತಿಳಿಸುವುದು ಅದರ ಕೆಲಸ. ಬರೆಯುವವರು ಒಂದಿಷ್ಟು ಶ್ರಮಪಟ್ಟರೆ ಓದುವವರಿಗೆ ಸಲೀಸಾಗುತ್ತದೆ. ನಮ್ಮ ವ್ಯವಸ್ಥೆಯಲ್ಲಿ ಪ್ರಜೆ ಬರೆದಾಗಲೂ ಶ್ರಮ ಪ್ರಜೆಯದು, ಕಚೇರಿ ಬರೆದಾಗಲೂ ಶ್ರಮ ಪ್ರಜೆಯದು.

ತಪ್ಪು ತುಂಬಿದ ಅರ್ಜಿಯನ್ನು ಹಿಂದಿರುಗಿಸುವ ಹಕ್ಕು ಗುಮಾಸ್ತರಿಗಿದೆ. ಅದು ಅವರಿಗಿರಲಿ. ಓದಲಾಗದ ಔಷಧ ಚೀಟಿಯನ್ನು, ಅರ್ಥವಾಗದ ನೋಟಿಸನ್ನು, ಲೆಕ್ಕ ಮುಚ್ಚಿಟ್ಟ ಬಿಲ್ಲನ್ನು ಹಿಂದಿರುಗಿಸಿ, ಸರಿಯಾಗಿ ಬರೆದು ಕೊಡಿ ಎಂದು ಹೇಳುವ ಹಕ್ಕು ನಮಗೂ ಬೇಕು. ಸರಿಪಡಿಸಿ ಕೊಡುವವರೆಗೆ ಸಾಲಿನಲ್ಲಿ ನಿಲ್ಲುವ ಸರದಿ ಒಮ್ಮೆಯಾದರೂ ಅವರದಾಗಬೇಕು.